ಊರಿನ ಅಡುಗೆ ಬೆಂಗಳೂರಿನಲ್ಲಿ ಯಾಕೆ ಕೈಕೊಡುತ್ತದೆ?

ಪ್ರಶ್ನೆ: "ಮೇಡಂ, ನನ್ನ ತವರು ಕುಂದಾಪುರ, ಗಂಡನ ಮನೆ ಮಂಡ್ಯದ ಹತ್ತಿರ ಒಂದು ಹಳ್ಳಿ. ನಾವಿರುವುದು ಬನಶಂಕರಿ ಆರನೇ ಹಂತದ ಅಪಾರ್ಟ್‌ಮೆಂಟಿನಲ್ಲಿ. ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ, ಮಗ ಎರಡನೇ ಕ್ಲಾಸು. ಮನೆಯವರ ವಾಟ್ಸಾಪ್ ಗುಂಪಿನಲ್ಲಿ ದಿನಕ್ಕೊಂದು ಅಡುಗೆ ಬರುತ್ತದೆ. ಅಮ್ಮ ಇಡ್ಲಿ ಹೇಳಿಕೊಡುತ್ತಾರೆ, ಅತ್ತೆ ಸಾರು, ಬಸ್ಸಾರು. ಅವರು ಹೇಳಿದ ಹಾಗೇ ಮಾಡಿದರೂ ನನಗೆ ಬರುವುದಿಲ್ಲ. ಐದು ಕೂಗು ಕೂಗಿಸಿದರೂ ಬೇಳೆ ಗಟ್ಟಿ. ಚಳಿಗಾಲದಲ್ಲಿ ಇಡ್ಲಿ ಹಿಟ್ಟು ಉಬ್ಬುವುದೇ ಇಲ್ಲ. ಅತ್ತೆ ಕಳಿಸಿದ ಸಾರಿನ ಪುಡಿ ತಿಂಗಳಾಗುವಷ್ಟರಲ್ಲಿ ಘಮ ಕಳೆದುಕೊಳ್ಳುತ್ತದೆ. 'ನಿನ್ನ ಕೈಗುಣ ಅಷ್ಟೇ' ಅಂತ ತಮಾಷೆ ಮಾಡುತ್ತಾರೆ. ತಮಾಷೆಗೆ ಅಂದರೂ ಬೇಜಾರಾಗುತ್ತದೆ. ಭಾನುವಾರ ಒಟ್ಟಿಗೆ ಅಡುಗೆ ಮಾಡಿ ಫ್ರಿಜ್‌ನಲ್ಲಿಟ್ಟರೆ ದೊಡ್ಡಮ್ಮ 'ಅದು ಸತ್ತ ಊಟ, ಕ್ಯಾನ್ಸರ್ ಬರುತ್ತೆ' ಅಂತ ಫಾರ್ವರ್ಡ್ ಕಳಿಸುತ್ತಾರೆ. ಕುಕ್ಕರ್‌ನಲ್ಲಿ ಸತ್ವವೆಲ್ಲ ಹೋಗುತ್ತದಂತೆ. ಓರಗಿತ್ತಿ ಮಾತ್ರ ಎಲ್ಲವನ್ನೂ ಫ್ರೀಜರ್‌ಗೆ ಹಾಕು ಅನ್ನುತ್ತಾಳೆ. ಈಗ ಹೆದರಿ ಫ್ರಿಜ್ ಬಳಸುವುದನ್ನೇ ಕಡಿಮೆ ಮಾಡಿದ್ದೇನೆ. ರಾತ್ರಿ ಉಳಿದ ಅನ್ನವನ್ನು ಕುಕ್ಕರ್‌ನಲ್ಲೇ ಮುಚ್ಚಿಟ್ಟು, ಬೆಳಗ್ಗೆ ಚಿತ್ರಾನ್ನ ಮಾಡಿ, ಮಗನ ಡಬ್ಬಿಗೂ ಅದನ್ನೇ ಹಾಕುತ್ತೇನೆ. ಯಾರ ಮಾತು ಕೇಳಲಿ?"

ಹೆಸರು ಬೇಡ ಎಂದವರು, ಬೆಂಗಳೂರು

ಉತ್ತರ: ನಿಮ್ಮ ಪತ್ರದಲ್ಲಿ ಆರೇಳು ಚಿಂತೆಗಳಿವೆ. ನಿಜಕ್ಕೂ ಚಿಂತೆ ಮಾಡಬೇಕಾದದ್ದು ಒಂದೇ, ಅದನ್ನು ಮಾತ್ರ ನೀವು ಚಿಂತೆ ಅಂತ ಬರೆದೇ ಇಲ್ಲ. ಕೊನೆಯಲ್ಲಿ, ಪರಿಹಾರ ಕಂಡುಕೊಂಡವರ ಹಾಗೆ ಸೇರಿಸಿದ್ದೀರಿ: ರಾತ್ರಿಯ ಅನ್ನ ಕುಕ್ಕರ್‌ನಲ್ಲೇ ಮುಚ್ಚಿಟ್ಟು ಬೆಳಗ್ಗೆ ಚಿತ್ರಾನ್ನ. ಮೊದಲು ಅದನ್ನು ಮಾತಾಡಿ ಮುಗಿಸೋಣ. ಬೇಳೆ, ಇಡ್ಲಿ, ಕೈಗುಣ ಎಲ್ಲ ಆಮೇಲೆ.

ರಾತ್ರಿಯ ಅನ್ನ

ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾ ಇರುವುದು ಮಾಮೂಲು. ಮಣ್ಣಿನಿಂದ ಬಂದದ್ದು. ಅದು ಕಾಳಿನ ಮೇಲೆ ಗಟ್ಟಿ ಕವಚದೊಳಗೆ ನಿದ್ದೆ ಮಾಡುತ್ತಿರುತ್ತದೆ. ಅಕ್ಕಿ ಎಷ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ, ಅನ್ನ ಕುದಿಸಿದರೂ ಪೂರ್ತಿ ಸಾಯುವುದಿಲ್ಲ. ಅನ್ನ ಬಿಸಿ ಇದ್ದಾಗಲೂ ತೊಂದರೆ ಇಲ್ಲ, ಫ್ರಿಜ್‌ನಲ್ಲಿ ತಣ್ಣಗಿದ್ದಾಗಲೂ ತೊಂದರೆ ಇಲ್ಲ. ಮಧ್ಯದ ಉಗುರುಬೆಚ್ಚಗಿನ ಹೊತ್ತು ಇದೆಯಲ್ಲ, ಅದೇ ಅದಕ್ಕೆ ಸುಗ್ಗಿ. ನಾಲ್ಕು ಡಿಗ್ರಿಯಿಂದ ಅರವತ್ತು ಡಿಗ್ರಿ ಸೆಲ್ಸಿಯಸ್‌ವರೆಗಿನ ಜಾಗದಲ್ಲಿ ಬೇಯಿಸಿದ ಅಡುಗೆ ಎರಡು ಗಂಟೆಗಿಂತ ಜಾಸ್ತಿ ಇರಬಾರದು ಅನ್ನುವುದು ನಾವು ಹೇಳಿಕೊಡುವ ಲೆಕ್ಕ. ಮುಚ್ಚಿದ ಕುಕ್ಕರ್ ಅನ್ನವನ್ನು ಬೇಗ ಆರಲು ಬಿಡುವುದಿಲ್ಲ. ರಾತ್ರಿ ಒಂಬತ್ತರಿಂದ ಬೆಳಗ್ಗೆ ಆರರವರೆಗೆ ಅಂದರೆ ಒಂಬತ್ತು ಗಂಟೆ.

ಬೆಳಗ್ಗೆ ಚೆನ್ನಾಗಿ ಬಿಸಿ ಮಾಡುತ್ತೇನಲ್ಲ ಅಂತ ನೀವು ಕೇಳಬಹುದು. ಇಲ್ಲೇ ಎಲ್ಲರೂ ಎಡವುವುದು. ಈ ಬ್ಯಾಕ್ಟೀರಿಯಾ ಬೆಳೆಯುವಾಗ ಅನ್ನದೊಳಗೆ ಒಂದು ಬಗೆಯ ವಿಷ ಬಿಡಬಲ್ಲದು. ಒಗ್ಗರಣೆಯ ಬಿಸಿಗೆ ಬ್ಯಾಕ್ಟೀರಿಯಾ ಸತ್ತರೂ ಆ ವಿಷ ಹಾಗೇ ಉಳಿಯುತ್ತದೆ. ಅನ್ನ ಹಳಸಿದ ವಾಸನೆಯನ್ನೂ ಕೊಡಬೇಕೆಂದಿಲ್ಲ. ತಿಂದ ಒಂದರಿಂದ ಆರು ಗಂಟೆಯೊಳಗೆ ವಾಂತಿ ಶುರುವಾಗುತ್ತದೆ, ಸಾಮಾನ್ಯವಾಗಿ ಒಂದು ದಿನದಲ್ಲಿ ತಾನಾಗಿ ನಿಲ್ಲುತ್ತದೆ. ದೊಡ್ಡವರಿಗೆ ಅಷ್ಟೇನೂ ಅಲ್ಲ, ಮಕ್ಕಳು ಮಾತ್ರ ಬೇಗ ನೀರು ಕಳೆದುಕೊಂಡು ಸೊರಗುತ್ತಾರೆ. ಹಾಗಾದಾಗ ಓಆರ್‌ಎಸ್ ಗುಟುಕು ಗುಟುಕಾಗಿ ಕುಡಿಸಿ. ವಾಂತಿ ನಿಲ್ಲದಿದ್ದರೆ, ಜ್ವರ ಏರಿದರೆ, ಮೂತ್ರ ಕಡಿಮೆಯಾದರೆ ಕಾಯದೆ ಡಾಕ್ಟರ ಹತ್ತಿರ ಹೋಗಿ.

'ನಮ್ಮಜ್ಜಿ ಕಾಲದಿಂದ ಹೀಗೇ ಮಾಡ್ತಿದ್ದೀವಿ, ಏನೂ ಆಗಿಲ್ಲ' ಅನ್ನುವ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಪ್ರತಿ ಸಲವೂ ಆಗುವುದಿಲ್ಲ, ಅದು ನಿಜ. ಆದರೆ ಆದಾಗ ನಾವು ಅನ್ನದ ಮೇಲೆ ತಪ್ಪು ಹೊರಿಸಿದ್ದೂ ಕಡಿಮೆ. ಮಗುವಿಗೆ ದೃಷ್ಟಿಯಾಯಿತು, ಮದುವೆ ಮನೆಯ ಊಟ ಹಿಡಿಸಲಿಲ್ಲ ಅಂತ ಮುಗಿಸಿದ್ದೇವೆ. ಇನ್ನೊಂದು, ಹಳೇ ಕಾಲದವರು ತಂಗಳನ್ನಕ್ಕೆ ನೀರು ಹಾಕಿಡುತ್ತಿದ್ದರು. ಅದು ರಾತ್ರಿಯೆಲ್ಲ ಹುಳಿ ಬರುತ್ತಿತ್ತು, ಹುಳಿಯಲ್ಲಿ ಇಂಥವು ಅಷ್ಟು ಸುಲಭವಾಗಿ ಬೆಳೆಯವು. ಸುಮ್ನೆ ಮುಚ್ಚಿಟ್ಟ ಒಣ ಅನ್ನಕ್ಕೆ ಆ ಕಾವಲಿಲ್ಲ.

ನಿಮಗಿರುವ ದಾರಿ ಮೂರು. ಬೆಳಗ್ಗೆಯೇ ಅನ್ನ ಮಾಡಿ ತಟ್ಟೆಯಲ್ಲಿ ಹರಡಿ ಚಿತ್ರಾನ್ನ ಮಾಡುವುದು: ಇದು ಎಲ್ಲಕ್ಕಿಂತ ಸುರಕ್ಷಿತ, ಇಪ್ಪತ್ತು ಮೂವತ್ತು ನಿಮಿಷ ಜಾಸ್ತಿ ಬೇಕು. ರಾತ್ರಿ ಊಟವಾದ ತಕ್ಷಣ ಉಳಿದ ಅನ್ನವನ್ನು ಅಗಲವಾದ ತಟ್ಟೆಗೆ ಹರಡಿ, ಅರ್ಧ ಗಂಟೆಯಲ್ಲಿ ಬಿಸಿ ಆರಿದ ಮೇಲೆ ಡಬ್ಬಿಗೆ ಹಾಕಿ ಫ್ರಿಜ್‌ನಲ್ಲಿಡುವುದು: ನನ್ನ ಆಯ್ಕೆ ಇದು. ಫ್ರಿಜ್‌ನ ತಣ್ಣಗಿನ ಅನ್ನ ಉದುರುದುರಾಗಿರುತ್ತದೆ, ಚಿತ್ರಾನ್ನ ಮುದ್ದೆಯಾಗುವುದಿಲ್ಲ. ಅದನ್ನು ಮಾರನೆಯ ದಿನವೇ ಮುಗಿಸಿ, ಹಬೆ ಏಳುವಷ್ಟು ಬಿಸಿ ಮಾಡಿ, ಒಂದೇ ಸಲ ಮಾಡಿ. ಮೂರನೆಯದು ನೀರು ಹಾಕಿಟ್ಟ ತಂಗಳನ್ನ, ಮೊಸರಿನ ಜೊತೆ. ಗಟ್ಟಿಮುಟ್ಟಾದ ದೊಡ್ಡವರಿಗೆ ಪರವಾಗಿಲ್ಲ. ಎಷ್ಟು ಹುಳಿ ಬಂದಿದೆ ಅನ್ನುವುದು ದಿನದಿಂದ ದಿನಕ್ಕೆ ಬೇರೆಯಾಗುವುದರಿಂದ ಸಣ್ಣ ಮಕ್ಕಳಿಗೆ, ಬಸುರಿಯರಿಗೆ ನಾನು ಹೇಳುವುದಿಲ್ಲ.

ಫ್ರಿಜ್ ವಿಷಯದಲ್ಲಿ ದೊಡ್ಡಮ್ಮನ ಮಾತಿನಲ್ಲಿ ನಿಜ ಎಷ್ಟು? ಸ್ವಲ್ಪ ಇದೆ. ಬೇಯಿಸಿದ್ದನ್ನು ಇಟ್ಟು ಮತ್ತೆ ಮತ್ತೆ ಬಿಸಿ ಮಾಡಿದರೆ ಸಿ ಜೀವಸತ್ವ, ಫೋಲೇಟ್ ಒಂದಿಷ್ಟು ಕಡಿಮೆಯಾಗುತ್ತವೆ. ಬೇಳೆಯ ಪ್ರೋಟೀನು, ನಾರು, ಸೊಪ್ಪಿನ ಕಬ್ಬಿಣ ಎಲ್ಲಿಗೂ ಹೋಗುವುದಿಲ್ಲ. ಫ್ರಿಜ್‌ನಲ್ಲಿಟ್ಟ ಹುಳಿ ತಿಂದರೆ ಕ್ಯಾನ್ಸರ್ ಬರುತ್ತದೆ ಅನ್ನುವುದಕ್ಕೆ ಆಧಾರವಿಲ್ಲ. ಕುಕ್ಕರ್ ವಿಷಯವಂತೂ ಉಲ್ಟಾ: ಬೇಗ ಬೇಯುವುದರಿಂದ, ನೀರು ಚೆಲ್ಲದಿರುವುದರಿಂದ ಬಾಣಲೆಯಲ್ಲಿ ಗಂಟೆಗಟ್ಟಲೆ ಕುದಿಸುವುದಕ್ಕಿಂತ ಸತ್ವ ಜಾಸ್ತಿಯೇ ಉಳಿಯುತ್ತದೆ. ಇದನ್ನು ಗುಂಪಿನಲ್ಲಿ ವಾದ ಮಾಡಿ ಗೆಲ್ಲಬೇಕೆಂದೇನೂ ಇಲ್ಲ. 'ಸರಿ ದೊಡ್ಡಮ್ಮ' ಅಂದು ನಿಮ್ಮ ಪಾಡಿಗೆ ಫ್ರಿಜ್ ಬಳಸಿ.

ಬೇಳೆ ಬೇಯದಿದ್ದರೆ ನೀರು ನೋಡಿ

ಈಗ ಕೈಗುಣಕ್ಕೆ ಬರೋಣ. ನಿಮ್ಮ ಅಮ್ಮನ, ಅತ್ತೆಯ ಅಡುಗೆಯಲ್ಲೂ ತಪ್ಪಿಲ್ಲ, ನಿಮ್ಮ ಕೈಯಲ್ಲೂ ತಪ್ಪಿಲ್ಲ. ಅವರು ಹೇಳಿದ ಅಡುಗೆಯಲ್ಲಿ ಅವರ ಊರಿನ ನೀರು, ಸೆಕೆ, ಪಾತ್ರೆ, ಸಾಮಾನು ಎಲ್ಲ ಸೇರಿಕೊಂಡಿವೆ. ಅದನ್ನು ಅವರು ಹೇಳುವುದಿಲ್ಲ, ಯಾಕೆಂದರೆ ಅವರಿಗೆ ಅದು ಕಾಣುವುದೇ ಇಲ್ಲ.

ಕರಾವಳಿಯ ಮುರಕಲ್ಲಿನ ಬಾವಿ ನೀರು ಮೆದು. ನಿಮ್ಮ ಕಡೆಯ ಬಹುತೇಕ ಅಪಾರ್ಟ್‌ಮೆಂಟುಗಳಲ್ಲಿ ನೆಲದಡಿಯ ಸಂಪ್‌ಗೆ ಬೀಳುವುದು ಮೂರು ಬಗೆಯ ನೀರು: ನೂರು ಕಿಲೋಮೀಟರ್ ಆಚೆಯ ತೊರೆಕಾಡನಹಳ್ಳಿಯಿಂದ ಪಂಪ್ ಮಾಡಿ ತರುವ ಕಾವೇರಿ, ಸ್ವಂತ ಬೋರ್‌ವೆಲ್, ಸಾಲದಿದ್ದಾಗ ಟ್ಯಾಂಕರ್. ಕಾವೇರಿ ನೀರಿಗಿಂತ ಬೋರ್‌ವೆಲ್ ನೀರು ಸಾಮಾನ್ಯವಾಗಿ ಗಡಸು. ಕುಡಿಯುವ ನೀರಿನ ಭಾರತೀಯ ಮಾನದಂಡದಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ನಡೆಯುತ್ತದೆ. ಕೆಟಲ್ ತಳದಲ್ಲಿ ಬಿಳಿ ಪದರ ಕಟ್ಟುತ್ತಿದ್ದರೆ, ಸ್ಟೀಲ್ ನಲ್ಲಿಯ ಮೇಲೆ ಸುಣ್ಣದ ಹಾಗೆ ಕಲೆ ಇದ್ದರೆ ನಿಮ್ಮದು ಯಾವ ನೀರು ಅಂತ ಗೊತ್ತಾಯಿತಲ್ಲ.

ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಬೇಳೆಯ ಜೀವಕೋಶಗಳನ್ನು ಒಟ್ಟಿಗೆ ಹಿಡಿದಿಡುವ ಪೆಕ್ಟಿನ್‌ಗೆ ಅಂಟಿಕೊಂಡು ಅದನ್ನು ಇನ್ನಷ್ಟು ಬಿಗಿ ಮಾಡುತ್ತವೆ. ಐದಲ್ಲ, ಎಂಟು ಕೂಗು ಕೂಗಿಸಿದರೂ ಬೇಳೆ ಒಡೆಯುತ್ತದೆ ಹೊರತು ಬೆಣ್ಣೆಯಾಗುವುದಿಲ್ಲ. ಟ್ಯಾಂಕರ್ ಬಂದ ವಾರ ಒಂದು ಥರ, ಕಾವೇರಿ ಬಂದ ವಾರ ಇನ್ನೊಂದು ಥರ ಬೇಯುವುದಕ್ಕೂ ಇದೇ ಕಾರಣ. ಜೊತೆಗೆ ಬೇಳೆ ಹಳತಾಗಿದ್ದರೆ ಇನ್ನೂ ಕಷ್ಟ. ಆಫರ್‌ನಲ್ಲಿ ಐದು ಕಿಲೋ ಚೀಲ ತಂದು ಸಿಂಕಿನ ಕೆಳಗಿನ ಬಿಸಿ, ತೇವದ ಕಪಾಟಿನಲ್ಲಿ ವರ್ಷವಿಡೀ ಇಟ್ಟ ತೊಗರಿಬೇಳೆ ಯಾವ ನೀರಿಗೂ ಜಗ್ಗುವುದಿಲ್ಲ.

ಒಂದು ಪರೀಕ್ಷೆ ಮಾಡಿ. ಒಂದೇ ಡಬ್ಬಿಯ ಬೇಳೆಯನ್ನು ಎರಡು ಬಟ್ಟಲಲ್ಲಿ ಹಾಕಿ, ಒಂದಕ್ಕೆ ನಲ್ಲಿ ನೀರು, ಇನ್ನೊಂದಕ್ಕೆ ಫಿಲ್ಟರ್ ನೀರು ಹಾಕಿ ಒಂದೇ ಕುಕ್ಕರ್‌ನಲ್ಲಿ ಬೇಯಿಸಿ. ಫಿಲ್ಟರ್ ಅಂದರೆ ಆರ್‌ಓ. ಬರೀ ಯುವಿ ಇರುವ ಫಿಲ್ಟರ್ ಗಡಸುತನ ತೆಗೆಯುವುದಿಲ್ಲ. ಎರಡೂ ಗಟ್ಟಿಯಾಗಿದ್ದರೆ ಬೇಳೆ ಹಳತು, ಅಂಗಡಿ ಬದಲಿಸಿ, ತಿಂಗಳಿಗೆ ಬೇಕಾದಷ್ಟೇ ತನ್ನಿ. ಒಂದು ಮಾತ್ರ ಬೆಂದಿದ್ದರೆ ನೀರಿನದೇ ಕಿತಾಪತಿ. ಆಗ ಬೇಳೆಗೆ ಮಾತ್ರ ಆರ್‌ಓ ನೀರು ಬಳಸಿ. ತೊಳೆಯುವುದಕ್ಕೆ ನಲ್ಲಿ ನೀರು ಸಾಕು, ನೆನೆಸುವುದಕ್ಕೆ ಬೇಯಿಸುವುದಕ್ಕೆ ಮಾತ್ರ ಒಳ್ಳೆಯದು. ಆರ್‌ಓ ಇಲ್ಲದಿದ್ದರೆ ನೀರು ಹತ್ತು ನಿಮಿಷ ಕುದಿಸಿ, ಆರಿಸಿ, ತಳದ ಬಿಳಿ ಗಸಿ ಬಿಟ್ಟು ಮೇಲಿನದನ್ನು ಬಗ್ಗಿಸಿಕೊಳ್ಳಿ. ಗಡಸುತನದ ಒಂದು ಪಾಲು ಅದರಲ್ಲೇ ಇಳಿಯುತ್ತದೆ, ಪೂರ್ತಿ ಅಲ್ಲ.

ಬೇಳೆಯನ್ನು ಬಿಸಿನೀರಲ್ಲಿ ಅರ್ಧ ಗಂಟೆ ನೆನೆಸಿ. ಹುಣಸೆ, ಟೊಮೆಟೊ ಬೇಳೆಯ ಜೊತೆ ಕುಕ್ಕರ್‌ಗೆ ಹಾಕಬೇಡಿ, ಹುಳಿ ಬಿದ್ದರೆ ಬೇಳೆ ಬೇಯಲು ಮೊಂಡು ಮಾಡುತ್ತದೆ. ಕೂಗು ಎಣಿಸುವುದನ್ನು ಬಿಡಿ. ಜೋರು ಉರಿಯಲ್ಲಿ ಐದು ಕೂಗು ನಾಲ್ಕು ನಿಮಿಷದಲ್ಲಿ ಮುಗಿದುಹೋಗುತ್ತದೆ. ಮೊದಲ ಕೂಗು ಬಂದ ಮೇಲೆ ಉರಿ ಸಣ್ಣ ಮಾಡಿ ಎಂಟು ಹತ್ತು ನಿಮಿಷ ಗಡಿಯಾರ ನೋಡಿ, ಆಮೇಲೆ ಒತ್ತಡ ತಾನಾಗಿ ಇಳಿಯಲಿ. ಸೋಡಾ ಚಿಟಿಕೆ ಹಾಕಿದರೆ ಬೇಯುತ್ತದೆ, ಸುಳ್ಳಲ್ಲ. ಆದರೆ ಬಿ1 ಜೀವಸತ್ವ ಹಾಳಾಗುತ್ತದೆ, ಸ್ವಲ್ಪ ಜಾಸ್ತಿಯಾದರೆ ತೊವ್ವೆ ಸೋಪಿನ ರುಚಿ ಬರುತ್ತದೆ. ಕೊನೆಯ ಉಪಾಯವಾಗಿ ಇರಲಿ.

ತೆರೆದ ಪಾತ್ರೆಯಲ್ಲಿ ಬೇಯಿಸುವವರಿಗೆ ಇನ್ನೊಂದು ಸಂಗತಿ. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರಿಗಿಂತ ಮೇಲಿದೆ. ಕುಂದಾಪುರದಲ್ಲಿ ನೀರು 100 ಡಿಗ್ರಿಗೆ ಕುದ್ದರೆ ಇಲ್ಲಿ ಸುಮಾರು 97ಕ್ಕೇ ಕುದಿಯುತ್ತದೆ. ಕಾಳು ಬೇಯಲು ಹೊತ್ತು ಹಿಡಿಯುತ್ತದೆ, ಅಷ್ಟೇ. ಕುಕ್ಕರ್ ಇದ್ದರೆ ಈ ವ್ಯತ್ಯಾಸ ಮರೆತುಬಿಡಬಹುದು.

ಇಡ್ಲಿ ಹಿಟ್ಟಿಗೆ ಚಳಿ

ಹಿಟ್ಟು ಉಬ್ಬಿಸುವ ಬ್ಯಾಕ್ಟೀರಿಯಾ ಮುಖ್ಯವಾಗಿ ಬರುವುದು ಉದ್ದಿನಬೇಳೆಯಿಂದಲೇ. ಕೈಯಿಂದ ಕಲಸಿದರೆ ಮಾತ್ರ ಹುದುಗುತ್ತದೆ, ತಣ್ಣಗಿನ ಕೈಯವರಿಗೆ ಹುದುಗುವುದಿಲ್ಲ ಅನ್ನುವುದು ನಂಬಿಕೆ. ಕೈಯಿಂದ ಕಲಸುವುದರಿಂದ ಉಪ್ಪು, ಹಿಟ್ಟು ಚೆನ್ನಾಗಿ ಬೆರೆಯುತ್ತದೆ, ಆ ಲಾಭ ಇದೆ. ಸೌಟಿನಿಂದಲೂ ಅದು ಆಗುತ್ತದೆ.

ಈ ಬ್ಯಾಕ್ಟೀರಿಯಾಕ್ಕೆ ಹಿತವಾದದ್ದು ಮೂವತ್ತು ಡಿಗ್ರಿಯ ಆಸುಪಾಸು. ಕುಂದಾಪುರದ ಸೆಕೆಯಲ್ಲಿ ಅಮ್ಮ ರಾತ್ರಿ ಹತ್ತಕ್ಕೆ ರುಬ್ಬಿಟ್ಟರೆ ಬೆಳಗ್ಗೆ ಆರಕ್ಕೆ ಪಾತ್ರೆ ತುಂಬಿರುತ್ತದೆ. ಬೆಂಗಳೂರಿನಲ್ಲಿ ಡಿಸೆಂಬರ್, ಜನವರಿ ರಾತ್ರಿ ಹದಿನೈದು ಹದಿನಾರು ಡಿಗ್ರಿಗೆ ಇಳಿಯುತ್ತದೆ. ಅದೇ ಹಿಟ್ಟಿಗೆ ಇಲ್ಲಿ ಹದಿನಾಲ್ಕು ಹದಿನಾರು ಗಂಟೆ ಬೇಕಾಗಬಹುದು. ಅಂದರೆ ಬೆಳಗ್ಗೆ ಆರಕ್ಕೆ ನೀವು ಮುಚ್ಚಳ ತೆಗೆದು 'ಹಾಳಾಯ್ತು' ಅಂದುಕೊಂಡ ಹಿಟ್ಟು ಹಾಳಾಗಿಲ್ಲ, ಇನ್ನೂ ಅರ್ಧ ದಾರಿಯಲ್ಲಿದೆ.

ಸುಲಭದ ದಾರಿ: ಸಂಜೆ ಬದಲು ಮಧ್ಯಾಹ್ನ ರುಬ್ಬುವುದು. ಕೆಲಸಕ್ಕೆ ಹೋಗುವವರಿಗೆ ಅದು ಭಾನುವಾರ ಮಾತ್ರ ಸಾಧ್ಯ. ಉಳಿದಂತೆ, ರುಬ್ಬಿದ ಹಿಟ್ಟಿನ ಪಾತ್ರೆಯನ್ನು ಬಿಸಿನೀರು ತುಂಬಿದ ದೊಡ್ಡ ಪಾತ್ರೆಯೊಳಗಿಟ್ಟು ಹಳೇ ಹೊದಿಕೆ ಸುತ್ತಿ. ನೀರು ಕೈ ತಡೆಯುವಷ್ಟೇ ಬಿಸಿ ಇರಬೇಕು. ಓವನ್ ಇದ್ದರೆ ಹಚ್ಚದೆ, ಒಳಗಿನ ದೀಪ ಮಾತ್ರ ಉರಿಸಿ ಅದರೊಳಗಿಡಿ. ಹಿಂದಿನ ಸಲದ ಹುಳಿ ಹಿಟ್ಟು ಎರಡು ಚಮಚ ಉಳಿಸಿಕೊಂಡಿದ್ದು ಬೆರೆಸಿದರೂ ಬೇಗ ಹುದುಗುತ್ತದೆ.

ಆದರೆ ಇದೆಲ್ಲಕ್ಕಿಂತ ಮೊದಲು ಉದ್ದು ಸರಿಯಾಗಿ ರುಬ್ಬಿರಬೇಕು. ಬ್ಯಾಕ್ಟೀರಿಯಾ ಗಾಳಿ ಬಿಡುತ್ತದೆ, ಆ ಗಾಳಿಯನ್ನು ಹಿಡಿದಿಡುವುದು ಉದ್ದಿನ ನೊರೆ. ಮಿಕ್ಸಿಯಲ್ಲಿ ಉದ್ದು ಬಿಸಿಯಾಗುತ್ತದೆ, ಬೇಗ ಸಾಕು ಅಂತ ನಿಲ್ಲಿಸುತ್ತೇವೆ. ಫ್ರಿಜ್ ನೀರು ಚೂರು ಚೂರೇ ಹಾಕಿ, ಎರಡು ಮೂರು ಸಲ ನಿಲ್ಲಿಸಿ ರುಬ್ಬಿ. ಆಯಿತೋ ಇಲ್ಲವೋ ನೋಡಲು ಒಂದು ಲೋಟ ನೀರಿಗೆ ಗೋಲಿಯಷ್ಟು ಹಿಟ್ಟು ಬಿಡಿ. ತೇಲಬೇಕು. ಮುಳುಗಿದರೆ ಇನ್ನೂ ರುಬ್ಬಬೇಕು. ತೇಲುವ ಹಿಟ್ಟು ಬೆರಳಲ್ಲಿ ಎತ್ತಿದರೆ ಜಾರದೆ ಮೊನೆ ನಿಲ್ಲುತ್ತದೆ, ಕೈಗೆ ಬೆಣ್ಣೆಯ ಹಾಗೆ ಹತ್ತುತ್ತದೆ. ಇದನ್ನು ನಿಮ್ಮ ಅಮ್ಮ ಹೇಳಿರಲಾರರು, ಅವರ ಗ್ರೈಂಡರ್ ಇದನ್ನು ತಾನೇ ನೋಡಿಕೊಳ್ಳುತ್ತದೆ. ಬೆಳಗ್ಗೆ ಹಿಟ್ಟು ಏಳಲಿಲ್ಲ, ಸ್ಕೂಲ್ ವ್ಯಾನ್ ಬರುವ ಹೊತ್ತಾಯಿತು ಅಂದರೆ ಚಿಟಿಕೆ ಸೋಡಾ ಹಾಕಿ ಇಡ್ಲಿ ಹೊಯ್ಯಿರಿ. ಹುಳಿರುಚಿ ಬರುವುದಿಲ್ಲ, ಮೆತ್ತಗಂತೂ ಆಗುತ್ತದೆ. ಅದೇನು ಅಪರಾಧವಲ್ಲ.

ಸಾರಿನ ಪುಡಿ, ಮತ್ತೆ ಅತ್ತೆಯ ಕಣ್ಣಳತೆ

ಪುಡಿ ಘಮ ಕಳೆದುಕೊಳ್ಳುವುದು ಎಲ್ಲಿಟ್ಟಿದ್ದೀರಿ ಅನ್ನುವುದರಿಂದ. ಒಲೆಯ ಮೇಲಿನ ಕಪಾಟು ಎಲ್ಲಕ್ಕಿಂತ ಕೆಟ್ಟ ಜಾಗ, ನಮ್ಮ ಅಪಾರ್ಟ್‌ಮೆಂಟು ಅಡುಗೆಮನೆಗಳಲ್ಲಿ ಮಸಾಲೆಗೆ ಮಾಡಿಕೊಡುವುದು ಅದೇ ಜಾಗ. ಬಿಸಿ, ಬೆಳಕು, ಗಾಳಿ, ಹಬೆ ಇಷ್ಟೇ ಅದರ ಶತ್ರುಗಳು. ಅತ್ತೆಯಿಂದ ಬಂದ ತಕ್ಷಣ ಹದಿನೈದು ದಿನಕ್ಕಾಗುವಷ್ಟು ಸಣ್ಣ ಬಾಟಲಿಗೆ ತೆಗೆದುಕೊಂಡು, ಉಳಿದದ್ದನ್ನು ಗಾಳಿಯಾಡದ ಡಬ್ಬಿಯಲ್ಲಿ ಒತ್ತಿ ತುಂಬಿ ಫ್ರೀಜರ್‌ಗೆ ಹಾಕಿ. ಆರು ತಿಂಗಳಾದರೂ ಚೆನ್ನಾಗಿರುತ್ತದೆ. ಕುದಿಯುವ ಪಾತ್ರೆಯ ಮೇಲೆ ಬಾಟಲಿ ಬಗ್ಗಿಸಬೇಡಿ, ಹಬೆ ಒಳಗೆ ಹೋಗಿ ಪುಡಿ ಗಂಟು ಕಟ್ಟುತ್ತದೆ. ಸಾರಿಗೆ ಹಾಕುವಾಗ ಮುಕ್ಕಾಲು ಪಾಲು ಮೊದಲು, ಕಾಲು ಪಾಲು ಇಳಿಸುವ ಮುನ್ನ ಒಂದು ಕುದಿಗೆ.

ಆದರೂ ಅತ್ತೆಯ ಸಾರಿನ ಹಾಗಾಗದಿದ್ದರೆ ಟೊಮೆಟೊ ನೋಡಿ. ಹಳ್ಳಿಯಲ್ಲಿ ಬಳಸುವುದು ನಾಟಿ ಟೊಮೆಟೊ, ಸಣ್ಣದು, ಹುಳಿ. ಇಲ್ಲಿ ಸಿಗುವ ಉದ್ದನೆಯ ಫಾರಂ ಟೊಮೆಟೊದಲ್ಲಿ ಹುಳಿ ಕಡಿಮೆ, ತಿರುಳು ಜಾಸ್ತಿ. ಅತ್ತೆ 'ಎರಡು ಟೊಮೆಟೊ' ಅಂದರೆ ನೀವು ಎರಡು ಹಾಕಿ ಹುಣಸೆಯನ್ನೂ ಅಷ್ಟೇ ಹಾಕಿದರೆ ಸಾರು ಸಪ್ಪೆಯಾಗುತ್ತದೆ. ನಾಟಿ ಸಿಕ್ಕರೆ ತನ್ನಿ, ಇಲ್ಲದಿದ್ದರೆ ಹುಣಸೆ ತುಸು ಹೆಚ್ಚಿಸಿ.

ಮೆಣಸಿನಕಾಯಿಯೂ ಹಾಗೇ. ಬ್ಯಾಡಗಿ ಬಣ್ಣ ಕೊಡುತ್ತದೆ, ಖಾರ ಕಡಿಮೆ. ಗುಂಟೂರು ಖಾರ ಕೊಡುತ್ತದೆ. ಅತ್ತೆ ಎರಡನ್ನೂ ಯಾವ ಲೆಕ್ಕದಲ್ಲಿ ಹಾಕುತ್ತಾರೆ ಅಂತ ಕೇಳಿದ್ದೀರಾ? ಕೇಳಿದರೆ 'ಒಂದ್ ಹಿಡಿ ಇದು, ಅರ್ಧ ಹಿಡಿ ಅದು' ಅನ್ನುತ್ತಾರೆ, ಗೊತ್ತು.

ಇಲ್ಲಿ ಒಂದು ಉಪಾಯವಿದೆ, ಇದನ್ನು ನಾನು ಎಲ್ಲ ಸೊಸೆಯರಿಗೂ ಹೇಳುತ್ತೇನೆ. ಅವರ ಕೈ ಹಿಡಿದು ಅಳೆಯಬೇಡಿ. 'ತಾಳಿ ಅತ್ತೆ, ತೂಗ್ತೀನಿ' ಅಂದರೆ ಅವರ ಲೆಕ್ಕವೇ ತಪ್ಪಿಹೋಗುತ್ತದೆ. ಮಂಡ್ಯಕ್ಕೆ ಹೋಗುವಾಗ ಅಡುಗೆಮನೆಯ ಸಣ್ಣ ಡಿಜಿಟಲ್ ತಕ್ಕಡಿ ಒಯ್ಯಿರಿ. ಅಡುಗೆ ಶುರುವಾಗುವ ಮುನ್ನ ಧನಿಯದ ಡಬ್ಬಿ, ಮೆಣಸಿನಕಾಯಿ ಚೀಲ, ಉಪ್ಪಿನ ಜಾಡಿ, ಎಣ್ಣೆ ಗಿಂಡಿ ಎಲ್ಲವನ್ನೂ ತೂಗಿ ಬರೆದಿಡಿ. ಅವರ ಪಾಡಿಗೆ ಅವರು ಮಾಡಲಿ, ನೀವು ಪಕ್ಕದಲ್ಲಿ ಕೂತು ಬೆಳ್ಳುಳ್ಳಿ ಬಿಡಿಸಿ. ಮುಗಿದ ಮೇಲೆ ಎಲ್ಲವನ್ನೂ ಮತ್ತೆ ತೂಗಿ. ಕಡಿಮೆಯಾದದ್ದೇ ಅವರ ಕಣ್ಣಳತೆ. ಉಪ್ಪು, ಎಣ್ಣೆಯಲ್ಲಿ ಬಹಳ ಜನಕ್ಕೆ ಆಶ್ಚರ್ಯ ಕಾದಿರುತ್ತದೆ.

ಅವರ ಪಾವನ್ನೂ ಅಳೆಯಿರಿ. ನಾಲ್ಕು ಪಾವು ಒಂದು ಸೇರು. ಮೆಟ್ರಿಕ್ ಅಳತೆಯ ಕಾಯ್ದೆ 1956ರಲ್ಲೇ ಬಂತು, ಅಕ್ಕಿ ಡಬ್ಬಿಯೊಳಗಿನ ಪಾವು ಮಾತ್ರ ಜಾಗ ಬಿಟ್ಟು ಕದಲಲಿಲ್ಲ. ಮನೆಯಿಂದ ಮನೆಗೆ ಅದರ ಅಳತೆ ಬೇರೆ. ಅತ್ತೆಯ ಪಾವಿಗೆ ಎಷ್ಟು ಮಿಲಿಲೀಟರ್ ನೀರು ಹಿಡಿಯುತ್ತದೆ ಅಂತ ಒಮ್ಮೆ ನೋಡಿಕೊಂಡರೆ ಮುಂದೆ ಅವರು ಗುಂಪಿನಲ್ಲಿ ಹಾಕುವ ಎಲ್ಲ ಅಡುಗೆಗೂ ಬೀಗದ ಕೈ ಸಿಕ್ಕ ಹಾಗೆ. ಫೋನಿನಲ್ಲಿ ಕೇಳುವಾಗ 'ಎಷ್ಟು ಹಾಕಬೇಕು' ಅನ್ನುವುದರ ಜೊತೆ 'ಹೇಗೆ ಕಂಡಾಗ ಇಳಿಸ್ತೀರಿ' ಅಂತಲೂ ಕೇಳಿ. 'ಹಸಿ ವಾಸನೆ ಹೋಗಿ, ಅಂಚಲ್ಲಿ ನೊರೆ ಕಟ್ಟಬೇಕು' ಅನ್ನುವ ಉತ್ತರ ಚಮಚದ ಲೆಕ್ಕಕ್ಕಿಂತ ಜಾಸ್ತಿ ಕೆಲಸಕ್ಕೆ ಬರುತ್ತದೆ.

ಬಸ್ಸಾರಿನ ಬಗ್ಗೆ ಒಂದು ಸಂತೋಷದ ವಿಷಯ. ಅದು ನಿಮ್ಮ ಗಡಸು ನೀರಿಗೆ ಹೇಳಿ ಮಾಡಿಸಿದ ಅಡುಗೆ. ಅದರಲ್ಲಿ ಬೇಳೆ ಕರಗಬಾರದು, ಬೆಂದೂ ಕಾಳು ಕಾಳಾಗಿ ನಿಲ್ಲಬೇಕು. ನಾಲ್ಕು ಜನಕ್ಕೆ 200 ಗ್ರಾಂ ತೊಗರಿಬೇಳೆಯನ್ನು ಒಂದೂವರೆ ಲೀಟರ್ ನೀರಲ್ಲಿ ತೆರೆದ ಪಾತ್ರೆಯಲ್ಲಿ ಬೇಯಿಸಿ. ಮುಕ್ಕಾಲು ಬೆಂದಾಗ ಹೆಚ್ಚಿದ ದಂಟಿನ ಸೊಪ್ಪು, ಸಬ್ಬಸಿಗೆ ಒಂದೊಂದು ಕಟ್ಟು ಹಾಕಿ ಉಪ್ಪು ಹಾಕಿ. ಬೆಂದ ಮೇಲೆ ಬಸಿಯಿರಿ. ಬಸಿದ ನೀರು, ಅಂದರೆ ಕಟ್ಟು, ಒಂದು ಕಡೆ, ಬೇಳೆ ಸೊಪ್ಪು ಒಂದು ಕಡೆ. ಒಂದು ಈರುಳ್ಳಿ, ಏಳೆಂಟು ಎಸಳು ಬೆಳ್ಳುಳ್ಳಿ ಬಾಡಿಸಿ, ಮೂರು ಚಮಚ ಕಾಯಿತುರಿ, ಎರಡು ಚಮಚ ಸಾರಿನ ಪುಡಿ, ಅರ್ಧ ನಿಂಬೆ ಗಾತ್ರದ ಹುಣಸೆ, ಬೆಂದ ಬೇಳೆ ಸೊಪ್ಪು ಒಂದು ಸೌಟು ಸೇರಿಸಿ ನುಣ್ಣಗೆ ರುಬ್ಬಿ ಕಟ್ಟಿಗೆ ಬೆರೆಸಿ. ಐದಾರು ನಿಮಿಷ ಕುದಿಸಿ ಒಗ್ಗರಣೆ ಕೊಟ್ಟರೆ ಸಾರು. ಉಳಿದ ಬೇಳೆ ಸೊಪ್ಪಿಗೆ ಈರುಳ್ಳಿ, ಒಣಮೆಣಸಿನಕಾಯಿ ಒಗ್ಗರಣೆ, ಮೇಲೆ ಕಾಯಿ ಉದುರಿಸಿದರೆ ಪಲ್ಯ. ಒಂದೇ ಪಾತ್ರೆಯಿಂದ ಎರಡು ಅಡುಗೆ, ಬಸಿದ ನೀರಿನ ಸತ್ವವೂ ಚೆಲ್ಲಿಹೋಗಲಿಲ್ಲ. ಮುದ್ದೆ ಬರದಿದ್ದರೆ ಅನ್ನಕ್ಕೂ ನಡೆಯುತ್ತದೆ, ಅತ್ತೆಗೆ ಹೇಳಬೇಡಿ.

ಭಾನುವಾರದ ಅಡುಗೆ

ಓರಗಿತ್ತಿ ಹೇಳುವುದು ಮುಕ್ಕಾಲು ಸರಿ. ಎಲ್ಲವನ್ನೂ ಫ್ರೀಜರ್‌ಗೆ ಹಾಕಲು ಬರುವುದಿಲ್ಲ. ಆಲೂಗಡ್ಡೆ ಹಾಕಿದ ಹುಳಿ ಕರಗಿಸಿದಾಗ ಮರಳುಮರಳಾಗುತ್ತದೆ. ಸೌತೆಕಾಯಿ, ಬೂದುಗುಂಬಳ ನೀರು ಬಿಟ್ಟು ಪಿಚಿಪಿಚಿ. ಬೀನ್ಸ್, ಕ್ಯಾರೆಟ್, ನವಿಲುಕೋಸಿನ ಹುಳಿ ಚೆನ್ನಾಗಿ ಇರುತ್ತದೆ.

ನನ್ನ ಸಲಹೆ, ಪೂರ್ತಿ ಅಡುಗೆ ಮಾಡಿಡುವ ಬದಲು ಅರ್ಧ ಅಡುಗೆ ಮಾಡಿಡಿ. ಹುಳಿಗೆ ರುಬ್ಬಿದ ಕಾಯಿ ಮಸಾಲೆಯನ್ನು ಐಸ್ ಟ್ರೇಯಲ್ಲಿ ಹಾಕಿ ಗಟ್ಟಿಯಾದ ಮೇಲೆ ಡಬ್ಬಿಗೆ ತುಂಬಿ ಫ್ರೀಜರ್‌ನಲ್ಲಿಡಿ. ಬೇಯಿಸಿದ ಸಪ್ಪೆ ಬೇಳೆ ಮೂರು ದಿನಕ್ಕಾಗುವಷ್ಟು ಫ್ರಿಜ್‌ನಲ್ಲಿರಲಿ. ವಾರದ ದಿನ ತರಕಾರಿ ಬೇಯಿಸಿ ಎರಡನ್ನೂ ಸೇರಿಸಿ ಹೊಸ ಒಗ್ಗರಣೆ ಕೊಟ್ಟರೆ ಇಪ್ಪತ್ತು ನಿಮಿಷದಲ್ಲಿ ಹುಳಿ, ಅದನ್ನು ಯಾರೂ ಹಳೇದು ಅನ್ನಲಾರರು. ರುಬ್ಬಿದ ಕಾಯಿ ಬಿದ್ದ ಅಡುಗೆ ಬೇಗ ಹಳಸುತ್ತದೆ, ಅದಕ್ಕೇ ಕಾಯಿಯನ್ನು ಬೇರೆ ಇಡಿ ಅನ್ನುತ್ತಿರುವುದು. ಹುಣಸೆ ಇರುವ ಸಾರು ಸ್ವಲ್ಪ ತಡೆಯುತ್ತದೆ. ಹಾಗಂತ ದೊಡ್ಡ ಪಾತ್ರೆ ಹುಳಿಯನ್ನು ಒಲೆಯ ಮೇಲೆಯೇ ರಾತ್ರಿಯೆಲ್ಲ ಆರಲು ಬಿಡಬೇಡಿ. ಸಣ್ಣ ಸಣ್ಣ ಡಬ್ಬಿಗೆ ಹಾಕಿ, ಅಗಲ ಬೇಸಿನ್‌ನ ತಣ್ಣೀರಲ್ಲಿ ಇಟ್ಟರೆ ಬೇಗ ಆರುತ್ತದೆ. ಮತ್ತೆ ಬಿಸಿ ಮಾಡುವಾಗ ಕೊತಕೊತ ಕುದಿಯಬೇಕು, ಅಂಚು ಬಿಸಿಯಾದರೆ ಸಾಲದು. ಕರೆಂಟ್ ಹೋದರೆ ಬಾಗಿಲು ತೆಗೆಯದಿದ್ದರೆ ಫ್ರಿಜ್ ಸುಮಾರು ನಾಲ್ಕು ಗಂಟೆ ತಂಪು ಹಿಡಿದಿಡುತ್ತದೆ.

ಮಗನ ಡಬ್ಬಿ

ಬೆಳಗ್ಗೆ ಏಳೂವರೆಗೆ ಕಟ್ಟಿದ್ದನ್ನು ಅವನು ಹನ್ನೆರಡೂವರೆಗೆ ತಿನ್ನುತ್ತಾನೆ ಅಂದುಕೊಳ್ಳೋಣ. ಐದು ಗಂಟೆ. ಒಂದೋ ನಿಜಕ್ಕೂ ಬಿಸಿ ಇರಬೇಕು, ಇಲ್ಲವೇ ಕೆಡದಂಥದ್ದಾಗಿರಬೇಕು. ಹುಳಿಯನ್ನ ಕಳಿಸುವುದಾದರೆ ಬಿಸಿ ಹಿಡಿಯುವ ಸ್ಟೀಲ್ ಡಬ್ಬಿ ತೆಗೆದುಕೊಳ್ಳಿ. ಮೊದಲು ಅದಕ್ಕೆ ಕುದಿನೀರು ತುಂಬಿ ಐದು ನಿಮಿಷ ಮುಚ್ಚಿಡಿ. ನೀರು ಚೆಲ್ಲಿ, ಕುದಿಯುತ್ತಿರುವ ಹುಳಿಯನ್ನವನ್ನು ಕಂಠಮಟ್ಟ ತುಂಬಿ ಕೂಡಲೇ ಮುಚ್ಚಿ. ಅರ್ಧ ಡಬ್ಬಿ ಹಾಕಿದರೆ ಬೇಗ ಆರುತ್ತದೆ. ಒಂದು ಭಾನುವಾರ ನೀವೇ ಹಾಗೆ ಕಟ್ಟಿಟ್ಟು ಮಧ್ಯಾಹ್ನ ತೆರೆದು ನೋಡಿ. ಬಾಯಿಗೆ ಸುಡುವಷ್ಟಿದ್ದರೆ ಡಬ್ಬಿ ಒಳ್ಳೆಯದು, ಉಗುರುಬೆಚ್ಚಗಿದ್ದರೆ ಬೇರೆ ಡಬ್ಬಿ ನೋಡಿ.

ಮೊಸರನ್ನ ಕಳಿಸುವುದಾದರೆ ಅನ್ನ ಪೂರ್ತಿ ಆರಿದ ಮೇಲೆ ಹೊಸ ಮೊಸರು ಧಾರಾಳವಾಗಿ ಕಲಸಿ. ಹಾಲು ಜಾಸ್ತಿ ಹಾಕಿ ಮೊಸರು ಹನಿಸಿದ್ದು ಬೇಡ. ಚಿತ್ರಾನ್ನ ಅಂದರೆ ಅದೇ ಬೆಳಗ್ಗೆಯ ಅನ್ನ ಅಥವಾ ಫ್ರಿಜ್‌ನ ಅನ್ನ, ನಿಂಬೆಹುಳಿ ಚೆನ್ನಾಗಿ ಹಿಂಡಿ. ಚಪಾತಿ ಪಲ್ಯ, ದೋಸೆಗೆ ಚಿಂತೆ ಕಡಿಮೆ. ದೋಸೆಯ ಜೊತೆ ಕಾಯಿ ಚಟ್ನಿ ಮಾತ್ರ ಡಬ್ಬಿಗೆ ಬೇಡ, ಚಟ್ನಿಪುಡಿಗೆ ತುಪ್ಪ ಕಲಸಿ ಹಚ್ಚಿ ಕಳಿಸಿ.